ಮಲೆನಾಡಿನ ಕಬ್ಬಿಣ, ಕನ್ನಡದ ಜೋಡು

ಜಪಾನಿನ ಸಮುರಾಯ್ ಯೋಧರ ಹಳೆಯ ಶಿರಸ್ತ್ರಾಣಗಳ ಒಳಮೈಯನ್ನು, ಮುಖ್ಯವಾಗಿ ತಲೆಯ ಹಿಂಭಾಗಕ್ಕೆ ಬರುವ ತಗಡನ್ನು, ಪರೀಕ್ಷಿಸಿದವರಿಗೆ ಅದನ್ನು ಬಡಿದು ಮಾಡಿದ ಕಮ್ಮಾರನ ಹೆಸರು ಅಲ್ಲಿ ಕೆತ್ತಿರುವುದು ಅನೇಕ ಸಲ ಕಾಣಸಿಗುತ್ತದೆ. ಆ ಹೆಸರಿನ ಆಧಾರದ ಮೇಲೆ ಕವಚಕಾರರ ಮನೆತನಗಳನ್ನೂ ಅವುಗಳ ಶೈಲಿಗಳನ್ನೂ ಗುರುತಿಸುವ ಒಂದು ಶಾಸ್ತ್ರವೇ ಆ ದೇಶದಲ್ಲಿ ಬೆಳೆದಿದೆ. ಸಾವಿರಾರು ವರ್ಷಗಳಿಂದ ಕಬ್ಬಿಣವನ್ನು ಕರಗಿಸಿದ, ನೂರಾರು ಯುದ್ಧಗಳನ್ನು ಕಂಡ, ಒಂದು ರಾಜವಂಶವನ್ನೇ ಮೂಡಿಗೆರೆಯ ಕಾಡಿನಿಂದ ಬಯಲುಸೀಮೆಗೆ ಇಳಿಸಿದ ಕನ್ನಡನಾಡಿನಲ್ಲಾದರೋ ಅಂಥ ಮನೆತನವೊಂದರ ಹೆಸರು ಜನರ ನೆನಪಿನಲ್ಲಿ ಉಳಿದಿಲ್ಲ. ಮಧ್ಯಯುಗದ ಕನ್ನಡ ಯೋಧರ ಕವಚಗಳು ಕೂಡ ಕಬ್ಬಿಣದ ರೂಪದಲ್ಲಿ ಉಳಿದಿರುವುದು ತೀರ ಕಡಿಮೆ. ಕಲ್ಲಿನಲ್ಲಿ, ಕಾವ್ಯದಲ್ಲಿ, ಪರದೇಶದ ಪ್ರವಾಸಿಗಳ ಬರಹದಲ್ಲಿ, ಗೆದ್ದವರು ಹೊತ್ತೊಯ್ದ ಕೊಳ್ಳೆಯ ಸಾಮಗ್ರಿಯಲ್ಲಿ ಮತ್ತು ರಂಗದ ಮೇಲಿನ ವೇಷಭೂಷಣದಲ್ಲಿ ಚದುರಿಹೋಗಿರುವ ಈ ಕಸುಬಿನ ಚರಿತ್ರೆಯನ್ನು ಅದರ ಅದಿರಿನಿಂದಲೇ ಆರಂಭಿಸುವುದು ಸೂಕ್ತ.

ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಶ್ರೇಣಿಯನ್ನು ಜನ ಇಂದು ಕಾಫಿಯ ತವರೆಂದು ಗುರುತಿಸುತ್ತಾರಾದರೂ, ಭೂವಿಜ್ಞಾನಿಗಳ ಪಾಲಿಗೆ ಅದು ಮೊದಲಿಗೆ ಕಬ್ಬಿಣದ ಬೆಟ್ಟ. ಆ ಶ್ರೇಣಿಯ ಕೆಮ್ಮಣ್ಣುಗುಂಡಿ ತನ್ನ ಹೆಸರಿನಲ್ಲಿಯೇ ಅದಿರಿನ ಬಣ್ಣವನ್ನು ಹೊತ್ತಿದೆ. ಕಳಸಕ್ಕೆ ಹತ್ತಿರದ ಕುದುರೆಮುಖದಲ್ಲಿ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಎಂಬ ಕಪ್ಪು ಅದಿರು ಹೇರಳವಾಗಿದೆ. ದೊಡ್ಡ ಗಣಿಗಳು ಬರುವುದಕ್ಕೆ ಬಹು ಮೊದಲೇ, ಕನ್ನಡನಾಡಿನ ಕಬ್ಬಿಣದ ಕೆಲಸ ಪ್ರಾರಂಭವಾಗಿತ್ತು. ಈಗಿನ ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಮೇಲಿರುವ ಹಳ್ಳೂರಿನಲ್ಲಿ 1965ರಲ್ಲಿ ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ದೊರೆತ ಕಬ್ಬಿಣದ ವಸ್ತುಗಳು ದಕ್ಷಿಣ ಭಾರತದಲ್ಲಿ ಈ ಲೋಹದ ಬಳಕೆಯ ಕಾಲವನ್ನು ಸುಮಾರು 3,000 ವರ್ಷಗಳಷ್ಟು ಹಿಂದಕ್ಕೆ ಒಯ್ದವು. ಹೊಳೆಯ ಮರಳಿನಿಂದ ಅಥವಾ ಮೇಲ್ಮಣ್ಣಿನಿಂದ ಆರಿಸಿದ ಅದಿರನ್ನು, ಇದ್ದಿಲಿನ ಜೊತೆಗೆ ಆಳೆತ್ತರದ ಮಣ್ಣಿನ ಕುಲುಮೆಯಲ್ಲಿ ಪದರ ಪದರವಾಗಿ ತುಂಬಿ, ಚರ್ಮದ ತಿದಿಗಳಿಂದ ಗಾಳಿಯೂದಿ ಕಾಯಿಸಿದರೆ ತಳದಲ್ಲಿ ರಂಧ್ರಮಯವಾದ ಒಂದು ಮುದ್ದೆ ಉಳಿಯುತ್ತದೆ. ಅದನ್ನು ಕಾದಿರುವಾಗಲೇ ಬಡಿದು ಬಡಿದು ಒಳಗಿನ ಕಿಟ್ಟವನ್ನು ಹೊರಹಾಕಿದಾಗ ದೊರೆಯುವುದೇ ಮೆದು ಕಬ್ಬಿಣ. ನೇಗಿಲ ಗುಳ, ಬಾಣದ ಮೊನೆ, ಬಾಗಿಲ ಚಿಲಕ, ಶಿರಸ್ತ್ರಾಣದ ತಗಡು ಎಲ್ಲಕ್ಕೂ ಇದೇ ಮೂಲ. ಜಪಾನಿನ ಇಜುಮೊ ಪ್ರಾಂತದಲ್ಲಿಯೂ ಕಬ್ಬಿಣದ ಮರಳನ್ನು ಇದ್ದಿಲಿನೊಡನೆ ಮೂರು ಹಗಲು ಮೂರು ರಾತ್ರಿ ಉರಿಸುವ, 'ತತಾರ' ಎಂದು ಕರೆಯಲಾಗುವ ಮಣ್ಣಿನ ಕುಲುಮೆಯೇ ಖಡ್ಗ ಮತ್ತು ಕವಚಗಳ ಲೋಹವನ್ನು ಒದಗಿಸಿತು. ಹೀಗೆ ಅದಿರು, ಇದ್ದಿಲು, ತಿದಿ ಇವು ಎರಡೂ ನಾಡುಗಳಿಗೆ ಸಮಾನವಾಗಿದ್ದ ಮೇಲೆ, ಒಂದೆಡೆ ಕವಚಗಳು ಉಳಿದು ಇನ್ನೊಂದೆಡೆ ಅಳಿದದ್ದಕ್ಕೆ ಕಾರಣವನ್ನು ಕುಲುಮೆಯ ಆಚೆ ಹುಡುಕಬೇಕಾಗುತ್ತದೆ.

ಕಾಡಿನಿಂದ ಇಳಿದ ಆ ರಾಜವಂಶದ, ಅಂದರೆ ಹೊಯ್ಸಳರ, ಮೂಲಸ್ಥಾನವೆಂದು ವಿದ್ವಾಂಸರು ಗುರುತಿಸಿರುವ ಸೊಸೆವೂರು ಈಗ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಗ್ರಾಮ. ವಾಸಂತಿಕಾ ದೇವಿಯ ಗುಡಿ ಮತ್ತು ಜೀರ್ಣವಾದ ಬಸದಿಗಳನ್ನುಳಿದು ಅಲ್ಲಿ ಅರಸೊತ್ತಿಗೆಯ ಗುರುತುಗಳು ಹೆಚ್ಚಿಲ್ಲ. ಈ ವಂಶದ ಅರಸರು ದೊಡ್ಡ ರಾಜ್ಯವನ್ನು ಆಳತೊಡಗಿದ ಮೇಲೂ 'ಮಲೆಪರೊಳ್ಗಂಡ' ಎಂಬ, ಮಲೆಯ ನಾಯಕರಲ್ಲಿ ಮಿಗಿಲಾದ ವೀರನೆಂಬ ಅರ್ಥದ ಬಿರುದನ್ನು ಬಿಡಲಿಲ್ಲ. ಬೇಲೂರಿನ ದೇವಾಲಯದ ಬಾಗಿಲಿನ ಇಕ್ಕೆಲಗಳಲ್ಲಿ ಹುಲಿಯೊಡನೆ ಹೋರಾಡುತ್ತಿರುವ, ವಂಶದ ಮೂಲಪುರುಷನೆನಿಸಿದ ಸಳನ ಶಿಲ್ಪವೇ ಆ ವಂಶದ ಲಾಂಛನ. ಅಲ್ಲಿ ಗಮನಿಸಬೇಕಾದ ಅಂಶವೆಂದರೆ ಸಳನ ಮೈಮೇಲೆ ಆಭರಣಗಳಿವೆ, ಕೈಯಲ್ಲಿ ಆಯುಧವಿದೆ, ಕವಚವಿಲ್ಲ. ಕನ್ನಡನಾಡಿನ ಊರೂರುಗಳಲ್ಲಿ, ಕಾಫಿ ತೋಟಗಳ ಬೇಲಿಯ ಬದಿಯಲ್ಲಿ ಮತ್ತು ದೇವಸ್ಥಾನಗಳ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳ, ಅಂದರೆ ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲುಗಳ, ಬಹುಪಾಲು ವೀರರದೂ ಇದೇ ರೂಪ. ತುರುಬು ಕಟ್ಟಿದ ತಲೆ, ಸೊಂಟದಲ್ಲಿ ಕಠಾರಿ, ಕೈಯಲ್ಲಿ ಬಿಲ್ಲು ಅಥವಾ ಕತ್ತಿ ಗುರಾಣಿ, ಮತ್ತು ತೆರೆದ ಎದೆ.

ಇದನ್ನು ನೋಡಿ, ಕನ್ನಡ ಯೋಧರು ಕವಚವನ್ನೇ ತೊಡುತ್ತಿರಲಿಲ್ಲವೆಂದು ತೀರ್ಮಾನಿಸಿದವರುಂಟು. ಆ ತೀರ್ಮಾನ ಅವಸರದ್ದು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಅಥವಾ ಜಿನನ ಸನ್ನಿಧಿ ಇರುತ್ತವೆ. ಯುದ್ಧದ ವರದಿಗಿಂತ ಹೆಚ್ಚಾಗಿ ಅದು ಮರಣದ ದಾಖಲೆ. ಕವಚ ಯಾರನ್ನು ಕಾಪಾಡಿತೋ ಅವನಿಗೆ ವೀರಗಲ್ಲು ನಿಲ್ಲಲಿಲ್ಲ. ಜೊತೆಗೆ, ಆ ಕಾಲದ ಯೋಧನ ನಿಷ್ಠೆಯನ್ನು ಶಾಸನಗಳು ಜೋಳವಾಳಿ ಮತ್ತು ವೇಳೆವಾಳಿ ಎಂಬ ಎರಡು ಮಾತುಗಳಲ್ಲಿ ಹೇಳುತ್ತವೆ. ಒಡೆಯನ ಅನ್ನದ ಋಣವನ್ನು ತೀರಿಸುವುದು ಜೋಳವಾಳಿ, ಅವನು ಸತ್ತಾಗ ತಾನೂ ಪ್ರಾಣ ಬಿಡುವೆನೆಂದು ಪ್ರತಿಜ್ಞೆ ಮಾಡುವುದು ವೇಳೆವಾಳಿ. ಇಮ್ಮಡಿ ವೀರಬಲ್ಲಾಳನಿಗೆ ಹೀಗೆ ಪ್ರಾಣವೊಪ್ಪಿಸಿದ ದಂಡನಾಯಕ ಕುವರ ಲಕ್ಷ್ಮನ ಕಥೆಯನ್ನು ಹಳೇಬೀಡಿನ ಗರುಡಗಂಬ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರ ಆಕೃತಿಗಳು ಆ ಕಂಬದ ಮೇಲಿವೆ. ಸಾವನ್ನೇ ಸೇವೆಯ ಪೂರ್ಣತೆಯೆಂದು ಬಗೆದ ಸಮಾಜದ ಶಿಲ್ಪಿಗೆ ವೀರನ ದೇಹ ಮುಖ್ಯ, ಅದನ್ನು ಮುಚ್ಚುವ ತಗಡು ಮುಖ್ಯವಲ್ಲ.

ಕಲ್ಲು ಮುಚ್ಚಿಟ್ಟದ್ದನ್ನು ಕಾವ್ಯ ಹೇಳುತ್ತದೆ. ಹತ್ತನೆಯ ಶತಮಾನದ ಪಂಪ ಮತ್ತು ರನ್ನರಿಂದ ಹಿಡಿದು ಕುಮಾರವ್ಯಾಸನವರೆಗೆ ಕನ್ನಡದ ಯುದ್ಧವರ್ಣನೆಗಳು ಕವಚದ ಶಬ್ದಗಳಿಂದ ತುಂಬಿವೆ. ಮೈಗವಚಕ್ಕೆ ಜೋಡು, ಶಿರಸ್ತ್ರಾಣಕ್ಕೆ ಸೀಸಕ, ಗುರಾಣಿಗೆ ಹರಿಗೆ, ಕುದುರೆಗೆ ಹೊದಿಸುವ ರಕ್ಷಣೆಗೆ ಪಕ್ಕರೆ ಅಥವಾ ಹಕ್ಕರಿಕೆ ಎಂಬ ಹೆಸರುಗಳು ಹಳಗನ್ನಡ, ನಡುಗನ್ನಡಗಳಲ್ಲಿ ಬಳಕೆಯಲ್ಲಿದ್ದವು. ಸಂಸ್ಕೃತ ಕಾವ್ಯಸಂಪ್ರದಾಯದಿಂದ ಎರವಲು ತಂದ ಅಲಂಕಾರವಷ್ಟೇ ಇವು ಎನ್ನಲಾಗದು, ಏಕೆಂದರೆ ಕುದುರೆಯ ಹೊದಿಕೆಗೂ ಆಳಿನ ಹೊದಿಕೆಗೂ ಬೇರೆ ಬೇರೆ ದೇಸಿ ಹೆಸರು ಹುಟ್ಟಬೇಕಾದರೆ ಆ ವಸ್ತುಗಳು ಕಣ್ಣ ಮುಂದೆ ಇರಬೇಕು.

ಇಲ್ಲಿ ಕಸುಬುದಾರನ ಪ್ರಶ್ನೆ ಎದುರಾಗುತ್ತದೆ. ಕಮ್ಮಾರ, ಬಡಗಿ, ಕಂಚುಗಾರ, ಅಕ್ಕಸಾಲಿಗ, ಶಿಲ್ಪಿ ಈ ಐವರನ್ನು ಒಟ್ಟಾಗಿ ಪಂಚಾಳರೆಂದು ಕರೆಯುವ ವಾಡಿಕೆಯುಂಟು. ಐವರೂ ವಿಶ್ವಕರ್ಮನ ಸಂತತಿಯೆಂದೇ ಪರಂಪರೆ ಹೇಳುತ್ತದೆ. ಆದರೆ ಈ ಸೋದರರಲ್ಲಿ ಶಿಲ್ಪಿಗೆ ದಕ್ಕಿದ ಹೆಸರು ಕಮ್ಮಾರನಿಗೆ ದಕ್ಕಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಎದುರಾಳಿ ಶಿಲ್ಪಿಗಳನ್ನು ಹಳಿಯುವ ಬಿರುದುಗಳನ್ನೂ ಹೊಯ್ಸಳ ಶಿಲ್ಪಿಗಳು ಹೇಳಿಕೊಂಡಿದ್ದಾರೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದಂಡನಾಯಕನೆಂಬ ಸೇನಾಪತಿಯೇ ಕಟ್ಟಿಸಿದ ದೇವಾಲಯದಲ್ಲಿ ಕೆಲಸ ಆರಂಭಿಸಿದ ರೂವಾರಿ ಮಲ್ಲಿತಮ್ಮನ ಹೆಸರು, ಮುಂದೆ 1246ರ ನುಗ್ಗೇಹಳ್ಳಿಯಲ್ಲಿ ಮತ್ತು ಸೋಮನಾಥಪುರದಲ್ಲಿಯೂ ಕಾಣುತ್ತದೆ. ಅಮೃತಾಪುರದ ಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತಗಳ 140 ಕಥಾಫಲಕಗಳಿದ್ದು, ಕಾಳಗದ ದೃಶ್ಯಗಳೂ ಅವುಗಳಲ್ಲಿ ಸೇರಿವೆ. ಆ ಯೋಧರನ್ನು ಕೆತ್ತಿದವರ ಹೆಸರು ತಿಳಿದಿದೆ, ಆ ಸೇನಾಪತಿಯ ಖಡ್ಗವನ್ನು ಬಡಿದವನ ಹೆಸರು ತಿಳಿದಿಲ್ಲ. ಕಮ್ಮಾರನು ಊರಿನ ಆಯಗಾರರಲ್ಲಿ ಒಬ್ಬನಾಗಿ, ಸುಗ್ಗಿಯಲ್ಲಿ ರೈತನಿಂದ ಧಾನ್ಯದ ಪಾಲನ್ನು ಪಡೆದು, ವರ್ಷವಿಡೀ ಅವನ ನೇಗಿಲು ಕುಡುಗೋಲುಗಳನ್ನು ನೋಡಿಕೊಳ್ಳುತ್ತಿದ್ದವನು. ಊರಿಗೆಲ್ಲ ಗೊತ್ತಿರುವ ಒಬ್ಬನೇ ಕಮ್ಮಾರನಿಗೆ ತನ್ನ ಕೆಲಸದ ಮೇಲೆ ಹೆಸರು ಬರೆಯುವ ಅಗತ್ಯ ಯಾವಾಗಲೂ ಬೀಳುವುದಿಲ್ಲ. ಹೆಸರು ಬೇಕಾಗುವುದು ಗಿರಾಕಿ ದೂರದವನಾದಾಗ, ಸ್ಪರ್ಧೆ ಇದ್ದಾಗ.

ಜಪಾನಿನಲ್ಲಿ ಎರಡೂ ಇದ್ದವು. ಹೊಯ್ಸಳರ ಏಳಿಗೆಯ ಕಾಲಕ್ಕೇ ಅಲ್ಲಿ 'ಓ-ಯೊರೊಯಿ' ಎಂಬ ಮಹಾಕವಚ ರೂಪುಗೊಂಡಿತ್ತು. ಕಬ್ಬಿಣದ ಅಥವಾ ಹದ ಮಾಡದ ಗಟ್ಟಿ ಚರ್ಮದ, ಬೆರಳಗಲದ ಸಣ್ಣ ಹಲ್ಲೆಗಳನ್ನು 'ಕೊಜಾನೆ' ಎಂದು ಕರೆಯುತ್ತಾರೆ. ಇಂಥ ಸಾವಿರಾರು ಹಲ್ಲೆಗಳಿಗೆ ತೂತು ಕೊರೆದು, ಒಂದರ ಅಂಚು ಇನ್ನೊಂದರ ಮೇಲೆ ಕೂರುವಂತೆ ಸಾಲಾಗಿ ಕಟ್ಟಿ, ಮೇಲೆ 'ಉರುಶಿ' ಎಂಬ ಮರದ ಅಂಟಿನ ಅರಗನ್ನು ಹಲವು ಪದರ ಬಳಿದು, ಆ ಸಾಲುಗಳನ್ನು ಬಣ್ಣಬಣ್ಣದ ರೇಷ್ಮೆಯ ಇಲ್ಲವೆ ಚರ್ಮದ ದಾರಗಳಿಂದ ಒಂದರ ಕೆಳಗೊಂದು ತೂಗುಬಿಡುತ್ತಿದ್ದರು. ಈ ಹೆಣಿಗೆಗೆ 'ಒದೊಶಿ' ಎಂದು ಹೆಸರು. ಇಡೀ ಕವಚ ಮಡಚಿಕೊಳ್ಳುತ್ತಿತ್ತು, ಬಾಣದ ಪೆಟ್ಟನ್ನು ಹಲವು ಪದರಗಳು ಹಂಚಿಕೊಳ್ಳುತ್ತಿದ್ದವು. ಮಳೆಯೂ ತೇವವೂ ತುಂಬಿದ ದೇಶದಲ್ಲಿ ಕಬ್ಬಿಣ ತುಕ್ಕಿಗೆ ಬಲಿಯಾಗದೆ ಉಳಿದದ್ದು ಬಹುಮಟ್ಟಿಗೆ ಆ ಅರಗಿನ ದೆಸೆಯಿಂದ. ಶಿರಸ್ತ್ರಾಣ, ಅಂದರೆ 'ಕಬುಟೊ', ಇನ್ನೂ ಸೂಕ್ಷ್ಮದ ಕೆಲಸ. ಕೆಳಗೆ ಅಗಲವಾಗಿ ಮೇಲೆ ಕಿರಿದಾಗುವ ತಗಡಿನ ಪಟ್ಟಿಗಳನ್ನು, ಕೆಲವದರಲ್ಲಿ 32, ಕೆಲವದರಲ್ಲಿ 62, ಅಪರೂಪಕ್ಕೆ 72, ಒಂದರ ಮೇಲೊಂದು ಜೋಡಿಸಿ ಮೊಳೆ ಬಡಿದು ಗುಮ್ಮಟ ಕಟ್ಟುತ್ತಿದ್ದರು; ಪ್ರತಿ ಪಟ್ಟಿಯ ಒಂದಂಚನ್ನು ಮೇಲಕ್ಕೆ ಮಡಿಸಿದ್ದರಿಂದ ಉಂಟಾಗುವ ಏಣುಗಳು ಗುಮ್ಮಟಕ್ಕೆ ಬಲವನ್ನೂ ಅಂದವನ್ನೂ ಕೊಡುತ್ತಿದ್ದವು. ಕತ್ತಿನ ಸುತ್ತ ಇಳಿಬಿದ್ದ ಹಲ್ಲೆಗಳ ತೆರೆ, ಹಣೆಯ ಮೇಲೆ ಕೊಂಬಿನ ಅಥವಾ ಚಂದ್ರನ ಆಕಾರದ ಲಾಂಛನ, ಮುಖದ ಕೆಳಭಾಗಕ್ಕೆ ಹಲ್ಲು ಮೀಸೆಗಳಿಂದ ಕೂಡಿದ ಕಬ್ಬಿಣದ ಮುಖವಾಡ ಇವು ಸೇರಿದಾಗ ರೂಪ ಪೂರ್ಣವಾಗುತ್ತಿತ್ತು. ಈ ಕಲೆಯಲ್ಲಿ ಪ್ರಸಿದ್ಧರಾದ ಮ್ಯೋಚಿನ್ ಮನೆತನದವರು ಮುಂದೆ, ಯುದ್ಧಗಳು ನಿಂತ ಶಾಂತಿಕಾಲದಲ್ಲಿ, ತಮ್ಮ ವಂಶಾವಳಿಯನ್ನು ಹನ್ನೆರಡನೆಯ ಶತಮಾನದವರೆಗೆ ಎಳೆದುಕೊಂಡರು. ವಿದ್ವಾಂಸರು ಅದರ ಬಹುಭಾಗವನ್ನು ನಂಬುವುದಿಲ್ಲ. ಹಳೆಯ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದ್ದುದರಿಂದಲೇ ಅಂಥ ವಂಶಾವಳಿ ಬೇಕಾಯಿತು. ಇದಲ್ಲದೆ ಯೋಧರು ತಮ್ಮ ಕವಚಗಳನ್ನು ದೇವಾಲಯಗಳಿಗೆ ಹರಕೆಯಾಗಿ ಒಪ್ಪಿಸುತ್ತಿದ್ದರು. ಒಮಿಶಿಮ ದ್ವೀಪದ ಒಯಮಜುಮಿ ದೇವಸ್ಥಾನ ಹೀಗೆ ಬಂದ ಪ್ರಾಚೀನ ಕವಚಗಳ ಬಹು ದೊಡ್ಡ ಭಂಡಾರವಾಗಿದೆ.

ಕನ್ನಡನಾಡಿನ ಕವಚವನ್ನು ಅದರ ರಚನೆಯ ವಿವರದೊಡನೆ ಕಣ್ಣಾರೆ ಕಂಡು ಬರೆದವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಅವನು, ಮಹಾನವಮಿಯ ಹಬ್ಬದ ಬಳಿಕ ಕೃಷ್ಣದೇವರಾಯ ನಡೆಸಿದ ಸೇನಾ ಪರಿವೀಕ್ಷಣೆಯನ್ನು ವರ್ಣಿಸಿದ್ದಾನೆ. ಆ ಬರಹ 1900ರಲ್ಲಿ ರಾಬರ್ಟ್ ಸಿವೆಲ್ ಅವರ ಇಂಗ್ಲಿಷ್ ಗ್ರಂಥದ ಮೂಲಕ ಪ್ರಚಾರಕ್ಕೆ ಬಂದಿತು. ಪಾಯಸ್ ಹೇಳುವ ಪ್ರಕಾರ ಸವಾರರ ಅಂಗಿಗಳು ಹದ ಮಾಡದ ಬಲವಾದ ಚರ್ಮದ ಪದರಗಳಿಂದಾಗಿದ್ದು, ಅವುಗಳಿಗೆ ಕಬ್ಬಿಣದ ಹಲ್ಲೆಗಳ ಬಲವೂ ಇತ್ತು. ಕೆಲವರ ಹಲ್ಲೆಗಳಿಗೆ ಒಳಗೂ ಹೊರಗೂ ಚಿನ್ನದ ಲೇಪವಿತ್ತು, ಕೆಲವರವು ಬೆಳ್ಳಿಯವು. ಶಿರಸ್ತ್ರಾಣಗಳಿಗೆ ಕತ್ತನ್ನು ಮುಚ್ಚುವ ಅಂಚೂ ಮುಖವನ್ನು ಕಾಯುವ ತುಂಡೂ ಇದ್ದವು. ಕುದುರೆಗಳ ಹಣೆಗೂ ತಗಡು ಕಟ್ಟಿದ್ದರು. ಚರ್ಮದ ಪದರ, ಕಬ್ಬಿಣದ ಹಲ್ಲೆ, ಕತ್ತಿನ ತೆರೆ, ಮುಖದ ರಕ್ಷಣೆ ಈ ನಾಲ್ಕೂ ಜಪಾನಿನ ಕವಚದಲ್ಲಿ ಕಂಡವೇ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರೆಂದು ಇದರ ಅರ್ಥವಲ್ಲ. ಬಿಲ್ಲು ಮತ್ತು ಕತ್ತಿಯ ಯುದ್ಧದಲ್ಲಿ, ಬಿಸಿಲು ಮಳೆಗಳ ನಡುವೆ ಕುದುರೆಯ ಮೇಲೆ ಕುಳಿತವನಿಗೆ ಇಡಿಯಾದ ಕಬ್ಬಿಣದ ಪೆಟ್ಟಿಗೆಗಿಂತ ಹಲ್ಲೆಗಳ ಅಂಗಿಯೇ ವಾಸಿಯೆಂಬುದನ್ನು ಎರಡೂ ನಾಡಿನ ಕಮ್ಮಾರರು ತಾವು ತಾವೇ ಕಂಡುಕೊಂಡಂತೆ ತೋರುತ್ತದೆ.

ಬಂದೂಕಿನ ಕಥೆಯಲ್ಲಿಯೂ ಎರಡು ಕಡೆ ಪೋರ್ಚುಗೀಸರ ಕೈ ಕಾಣುತ್ತದೆ. ಪಾಯಸ್ ಬಂದ ಕಾಲದಲ್ಲಿಯೇ ನಡೆದ ರಾಯಚೂರಿನ ಮುತ್ತಿಗೆಯಲ್ಲಿ, ಕ್ರಿಸ್ಟೊವಾವ್ ದೆ ಫಿಗೆಯ್ರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರ ಸಣ್ಣ ತಂಡ ಕೋಟೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸಿ ಕೃಷ್ಣದೇವರಾಯನಿಗೆ ನೆರವಾಯಿತು. 1543ರಲ್ಲಿ ಪೋರ್ಚುಗೀಸರೇ ಜಪಾನಿನ ತಾನೆಗಶಿಮ ದ್ವೀಪಕ್ಕೆ ಬಂದೂಕನ್ನು ಒಯ್ದರು. ಜಪಾನಿನ ಕವಚಕಾರರು ಹಲ್ಲೆಗಳ ಜಾಗದಲ್ಲಿ ದೊಡ್ಡ ತಗಡುಗಳನ್ನು ಬಳಸುವ ಹೊಸ ಕವಚವನ್ನು ರೂಪಿಸಿ, ಎದೆಯ ತಗಡಿಗೆ ತಾವೇ ಗುಂಡು ಹಾರಿಸಿ, ತಗ್ಗಾದ ಗುರುತನ್ನು ಭರವಸೆಯ ಮುದ್ರೆಯೆಂಬಂತೆ ಹಾಗೆಯೇ ಬಿಟ್ಟು ಮಾರಿದರು. ವಿಜಯನಗರಕ್ಕೆ ಅಂಥ ಪ್ರಯೋಗಗಳಿಗೆ ಕಾಲಾವಕಾಶ ಸಿಕ್ಕಲಿಲ್ಲ. 1565ರ ಯುದ್ಧದ ನಂತರ ರಾಜಧಾನಿಯೇ ಹಾಳಾಯಿತು, ಪಾಯಸ್ ಕಂಡ ಚಿನ್ನದ ಲೇಪದ ಹಲ್ಲೆಗಳ ಗತಿ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

ವಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿ ಬೇರೊಂದು ಮಾದರಿ ಪ್ರಬಲವಾಯಿತು. ಅದು ಇರಾನ್ ಮತ್ತು ಮಧ್ಯ ಏಷ್ಯಾಗಳ ಕಡೆಯಿಂದ ಬಂದ ಉಂಗುರದ ಕವಚ. ತಂತಿಯನ್ನು ಕಂಬಿಗೆ ಸುತ್ತಿ, ಸುರುಳಿಯನ್ನು ಉದ್ದಕ್ಕೆ ಕತ್ತರಿಸಿದರೆ ಬಾಯಿ ತೆರೆದ ಉಂಗುರಗಳು ಸಿಗುತ್ತವೆ. ಪ್ರತಿಯೊಂದನ್ನೂ ನೆರೆಯ ನಾಲ್ಕು ಉಂಗುರಗಳೊಳಗೆ ತೂರಿಸಿ, ತುದಿಗಳನ್ನು ಚಪ್ಪಟೆ ಮಾಡಿ, ತೂತು ಕೊರೆದು, ಸಾಸಿವೆಯಷ್ಟು ಸಣ್ಣ ಮೊಳೆಯಿಂದ ಬಂಧಿಸಬೇಕು. ಒಂದು ಅಂಗಿಗೆ ಸಾವಿರಗಟ್ಟಲೆ ಸಲ ಇದೇ ಕೆಲಸ. ಮೊಳೆ ಹಾಕದೆ ಬಾಯಿಯನ್ನು ಸುಮ್ಮನೆ ಕೂಡಿಸಿದ ಉಂಗುರಗಳ ಅಂಗಿಗಳೂ ನಂತರದ ಕಾಲದಲ್ಲಿ ಹೇರಳವಾಗಿ ತಯಾರಾದವು. ಮೆರವಣಿಗೆಗೆ ಅವು ಸಾಕು, ಈಟಿಯ ಮುಂದೆ ಬಾಯಿಬಿಡುತ್ತವೆ. ಎದೆ, ಬೆನ್ನುಗಳಿಗೆ ತಗಡಿನ ಫಲಕಗಳನ್ನು ಇದೇ ಉಂಗುರಗಳಿಂದ ಹೆಣೆದು ಸೇರಿಸಿದಾಗ ಆದದ್ದು ಬಕ್ತರ್ ಎಂಬ ಮಿಶ್ರ ಕವಚ. ಶಿರಸ್ತ್ರಾಣಕ್ಕೆ ಮೂಗನ್ನು ಕಾಯುವ ಪಟ್ಟಿಯೂ ಭುಜದವರೆಗೆ ಇಳಿಯುವ ಉಂಗುರದ ತೆರೆಯೂ ಇರುತ್ತಿದ್ದವು. 1686ರಲ್ಲಿ ವಿಜಾಪುರ ಔರಂಗಜೇಬನ ವಶವಾಗಿ, ಅದರ ಬೆನ್ನಿಗೆ ಆದವಾನಿಯ ಕೋಟೆಯೂ ಬಿದ್ದಾಗ, ಈಗ ಆಂಧ್ರಪ್ರದೇಶಕ್ಕೆ ಸೇರಿದ ಆ ಗಡಿ ಊರಿನ ಆಯುಧಾಗಾರ ಮೊಘಲರ ಪಾಲಾಯಿತು. ಅವರ ಪಕ್ಷದಲ್ಲಿ ದಖ್ಖನಿನಲ್ಲಿದ್ದ ಬಿಕಾನೇರಿನ ಮಹಾರಾಜ ಅನೂಪ್ ಸಿಂಗನು ತನ್ನ ಪಾಲನ್ನು ಮರುಭೂಮಿಯ ತನ್ನ ಕೋಟೆಗೆ ಸಾಗಿಸಿದನು. ಅಲ್ಲಿಯ ಭಂಡಾರದವರು ಒಂದೊಂದು ವಸ್ತುವಿನ ಮೇಲೂ ಚುಕ್ಕೆಗಳನ್ನು ಕುಟ್ಟಿ ನಾಗರಿ ಅಕ್ಷರಗಳಲ್ಲಿ ಆದವಾನಿಯ ಹೆಸರನ್ನೂ ಕೊಳ್ಳೆಯ ವಿವರವನ್ನೂ ಬರೆದರು. ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಹರಡಿರುವ ದಖ್ಖನಿ ಕವಚಗಳು ಮತ್ತು ಶಸ್ತ್ರಗಳಲ್ಲಿ ಹಲವನ್ನು ಗುರುತಿಸಲು ಸಾಧ್ಯವಾಗಿರುವುದು ಈ ಚುಕ್ಕೆ ಬರಹದಿಂದಲೇ. ಕೊನೆಗೂ ಲೋಹದ ಮೇಲೆ ಹೆಸರು ಬಿದ್ದಿತು, ಆದರೆ ಅದು ಮಾಡಿದವನದಲ್ಲ, ಕೊಳ್ಳೆಯಾದ ಊರಿನದು. ಒಣ ಮರಳುಗಾಡು ಕಬ್ಬಿಣವನ್ನು ಕಾಪಾಡಿತೆಂಬುದನ್ನೂ ಇಲ್ಲಿ ಮರೆಯಬಾರದು. ಮುಂಗಾರು ನಾಲ್ಕು ತಿಂಗಳು ಬಿಡದೆ ಸುರಿಯುವ ಮೂಡಿಗೆರೆಯಲ್ಲೋ ಕಳಸದಲ್ಲೋ ಅರಗು ಬಳಿಯದ ಉಂಗುರದ ಅಂಗಿಯೊಂದು ನೂರಾರು ವರ್ಷ ಉಳಿಯುವುದು ಅಸಾಧ್ಯವೆಂದೇ ಹೇಳಬೇಕು.

ಶಸ್ತ್ರಗಳ ಲೋಹದ ವಿಷಯದಲ್ಲಿ ಮಾತ್ರ ಕನ್ನಡನಾಡಿನ ಕೀರ್ತಿ ದೂರ ಹರಡಿತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚಾರ ಮಾಡಿದ ಫ್ರಾನ್ಸಿಸ್ ಬುಕಾನನ್, ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಕಡೆ ಉಕ್ಕು ಮಾಡುವ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮೆದು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳ ಜೊತೆಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಯನ್ನು ಮಣ್ಣಿನಿಂದ ಮೆತ್ತಿ, ಇಂಥ ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಪೇರಿಸಿ ಕಾಯಿಸುತ್ತಿದ್ದರು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣದೊಳಗೆ ಸೇರಿ, ಕರಗಿ, ಆರಿದಾಗ ಗಟ್ಟಿ ಉಕ್ಕಿನ ಮುದ್ದೆ ಸಿಗುತ್ತಿತ್ತು. ಇದನ್ನು ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ ಮತ್ತು ವಾದ್ಯಗಳ ತಂತಿಗೆ ಬಳಸುತ್ತಿದ್ದರೆಂದು ಬುಕಾನನ್ ದಾಖಲಿಸಿದ್ದಾನೆ. 1790ರ ದಶಕದಲ್ಲಿಯೇ 'ವೂಟ್ಸ್' ಎಂಬ ಹೆಸರಿನಲ್ಲಿ ಈ ಬಗೆಯ ಉಕ್ಕಿನ ಮಾದರಿಗಳು ಲಂಡನ್ನಿನ ರಾಯಲ್ ಸೊಸೈಟಿಯನ್ನು ತಲುಪಿದ್ದವು. ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ಅದರ ಗುಟ್ಟನ್ನು ಬಿಡಿಸಲು ಪ್ರಯತ್ನಿಸಿದನು. ಅಲಗಿಗೆ ಒದಗಿದ ಈ ಕಾಠಿನ್ಯ ಕವಚಕ್ಕೆ ಅಷ್ಟು ಒಗ್ಗುವಂಥದಲ್ಲ, ಗುಮ್ಮಟದ ಹಾಗೆ ತಗ್ಗಿಸಿ ಬಡಿಯಬೇಕಾದ ತಗಡಿಗೆ ಮೆದು ಕಬ್ಬಿಣವೇ ಹೆಚ್ಚು ಮಣಿಯುತ್ತದೆ.

ಟಿಪ್ಪು ಸುಲ್ತಾನನ ಕಾಲಕ್ಕೆ ಮೈಸೂರಿನ ಯೋಧನ ಕವಚ ಬಹುಮಟ್ಟಿಗೆ ಬಟ್ಟೆಯದೇ ಆಗಿತ್ತು. ಹತ್ತಿಯ ಹಲವಾರು ಪದರಗಳನ್ನು ಒತ್ತಾಗಿ ಹೊಲಿದು, ಮೇಲೆ ರೇಷ್ಮೆ ಅಥವಾ ಮಖಮಲ್ಲು ಹೊದಿಸಿ ಮಾಡಿದ ಶಿರಸ್ತ್ರಾಣ ಮತ್ತು ಎದೆಗವಚಗಳು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟನ್ನಿಗೆ ಸಾಗಿ, ಅಲ್ಲಿಯ ಸಂಗ್ರಹಗಳಲ್ಲಿ ಇಂದಿಗೂ ಇವೆ. ಕತ್ತಿಯ ಅಲಗು ಒತ್ತಾದ ಹತ್ತಿಯಲ್ಲಿ ಸಿಕ್ಕಿಕೊಂಡು ತನ್ನ ಬಲವನ್ನು ಕಳೆದುಕೊಳ್ಳುತ್ತದೆ; ಬಿಸಿಲಿನಲ್ಲಿ ಲೋಹದಂತೆ ಅದು ಕಾಯುವುದಿಲ್ಲ, ತೂಕವೂ ಹಗುರ. ಗುಂಡಿನೆದುರು ಮಾತ್ರ 62 ತಗಡಿನ ಗುಮ್ಮಟವಾದರೂ ಇಪ್ಪತ್ತು ಪದರದ ಹತ್ತಿಯಾದರೂ ಆ ವೇಳೆಗೆ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ. ಲೋಹವಾದರೆ ಕರಗಿಸಿ ಮತ್ತೆ ಬಳಸಬಹುದು, ಬಟ್ಟೆಯಾದರೆ ಗೆದ್ದಲಿನ ಪಾಲು. ಹೊರಗಿನವರ ಕೈಗೆ ಸಿಕ್ಕಿದವಷ್ಟೇ ಉಳಿದವು ಎಂಬ ಮಾತು ಕಹಿಯಾದರೂ ನಿಜ.

ಜಪಾನಿನಲ್ಲಿ 1876ರ ಆಜ್ಞೆ ಸಮುರಾಯ್‌ಗಳು ಕತ್ತಿ ಧರಿಸುವುದನ್ನು ನಿಷೇಧಿಸಿತು, ಬ್ರಿಟಿಷ್ ಭಾರತದಲ್ಲಿ 1878ರ ಶಸ್ತ್ರಾಸ್ತ್ರ ಕಾಯ್ದೆ ಜನರ ಕೈಯಿಂದ ಆಯುಧವನ್ನು ಕಿತ್ತುಕೊಂಡಿತು. ಕೊಡವರಿಗೆ ಸಿಕ್ಕ ವಿನಾಯಿತಿಯಿಂದಾಗಿ ಕೊಡಗಿನ ಮನೆಗಳಲ್ಲಿ ಪೀಚೆಕತ್ತಿ, ಓಡಿಕತ್ತಿಗಳು ಉಳಿದು, ಕೈಲ್ ಮುಹೂರ್ತದ ಹಬ್ಬದಲ್ಲಿ ಪೂಜೆಗೊಳ್ಳುತ್ತಿವೆ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಅದೇ ಶತಮಾನದಲ್ಲಿ ಕಾಡನ್ನು ಕಡಿದು ಕಾಫಿ ತೋಟಗಳನ್ನು ಎಬ್ಬಿಸುವ ಕೆಲಸ ಭರದಿಂದ ಸಾಗಿತ್ತು. ಮಲೆನಾಡಿನ ಕುಲುಮೆಗಳಿಗೆ ಬಂದ ಹೊಸ ಬೇಡಿಕೆ ಗುದ್ದಲಿ, ಹಾರೆ, ಮತ್ತು ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯ ಕತ್ತಿಗಳದು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣದ ಪಟ್ಟಿಗಳು ಅದಿರು ಕರಗಿಸುವ ಮಣ್ಣಿನ ಕುಲುಮೆಗಳನ್ನು ನಿಲ್ಲಿಸಿದವು. ಬಡಿಯುವ ಕುಲುಮೆಗಳು ಮಾತ್ರ ಉಳಿದವು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಉರುವಲು ಮಲೆನಾಡಿನ ಕಾಡಿನ ಇದ್ದಿಲೇ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖದ ಕಂಪನಿ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಆ ಗಣಿ 2005ರ ಕೊನೆಗೆ ನಿಂತಿತು. ಆ ಕಬ್ಬಿಣದ ಬಹುಪಾಲು ಹೊರದೇಶಗಳ ಕುಲುಮೆಗಳಿಗೆ ಹೋಯಿತು, ಕೊಂಡುಕೊಂಡ ದೇಶಗಳಲ್ಲಿ ಜಪಾನೂ ಒಂದು.

ಯುದ್ಧದಿಂದ ಮರೆಯಾದ ಕವಚ ಆರಾಧನೆ ಮತ್ತು ಆಟಗಳಲ್ಲಿ ಬೇರೆ ವಸ್ತುಗಳನ್ನು ಧರಿಸಿ ಮುಂದುವರಿದಿದೆ. ಚಿಕ್ಕಮಗಳೂರು ಸೀಮೆಯಲ್ಲಿ ಇಂದಿಗೂ ಜೀವಂತವಾಗಿರುವ ವೀರಗಾಸೆಯ ಕಲಾವಿದ ವೀರನ ಹಾಗೆ ಕಾಸೆ ಕಟ್ಟಿ, ಒಂದು ಕೈಯಲ್ಲಿ ಕತ್ತಿಯನ್ನೂ ಇನ್ನೊಂದರಲ್ಲಿ ವೀರಭದ್ರನ ಹಲಗೆಯನ್ನೂ ಹಿಡಿಯುತ್ತಾನೆ. ಆ ಹಲಗೆಯಲ್ಲಿ ಹಳೆಯ ಹರಿಗೆಯ ನೆನಪನ್ನು ಕಂಡರೆ ತಪ್ಪಾಗಲಾರದು. ಘಟ್ಟದ ಕೆಳಗಿನ ತುಳುನಾಡಿನಲ್ಲಿ ದೈವಗಳಿಗಾಗಿ ಕಂಚುಗಾರರು ಮೇಣದ ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಮೊಗಗಳೂ ಎದೆಯ ಫಲಕಗಳೂ ಇವೆ. ಅವು ಯೋಧನ ಕವಚಗಳಲ್ಲ, ಆದರೆ ಮನುಷ್ಯನ ಮೈ ಮುಖಗಳನ್ನು ಲೋಹದಿಂದ ಮುಚ್ಚಿ ಅವನನ್ನು ಮನುಷ್ಯನಿಗಿಂತ ದೊಡ್ಡವನನ್ನಾಗಿ ಮಾಡುವ ಕೆಲಸದಲ್ಲಿ ಅವು ಸಮುರಾಯ್ ಮುಖವಾಡಕ್ಕೆ ಸಾಟಿ. ಯಕ್ಷಗಾನದ ರಾಜವೇಷದಲ್ಲಂತೂ ಕವಚದ ಅಂಗಾಂಗಗಳೆಲ್ಲ ಹೆಸರು ಸಹಿತ ಉಳಿದಿವೆ. ಎದೆಗೆ ಎದೆಕಟ್ಟು, ಹೆಗಲಿಗೆ ಭುಜಕೀರ್ತಿ, ತೋಳಿಗೆ ತೋಳ್ಕಟ್ಟು, ತಲೆಗೆ ಕಿರೀಟ ಅಥವಾ ಮುಂಡಾಸು. ಇವನ್ನು ಹಗುರವಾದ ಮರದಲ್ಲಿ ಕೆತ್ತಿ, ಮೇಲೆ ಚಿನ್ನದ ಬಣ್ಣದ ಬೇಗಡೆ ಹಾಳೆ ಅಂಟಿಸಿ, ನಡುನಡುವೆ ಕನ್ನಡಿಯ ಚೂರುಗಳನ್ನು ಕೂರಿಸುತ್ತಾರೆ. ಹಿಂದೆ ದೊಂದಿಯ, ಈಗ ವಿದ್ಯುದ್ದೀಪದ ಬೆಳಕಿನಲ್ಲಿ ಅವು ಲೋಹದಂತೆಯೇ ಹೊಳೆಯುತ್ತವೆ. ರಾತ್ರಿಯಿಡೀ ಕುಣಿಯಬೇಕಾದ ವೇಷಧಾರಿಗೆ ತೂಕವೇ ಮೊದಲ ಶತ್ರುವಾದ್ದರಿಂದ, ಕಬ್ಬಿಣದ ಕವಚಕಾರನು ದಪ್ಪಕ್ಕಾಗಿ ಪಟ್ಟ ಶ್ರಮವನ್ನು ಈ ಮರದ ಕವಚಕಾರ ತೆಳುವಿಗಾಗಿ ಪಡುತ್ತಾನೆ, ಮರದ ಹಿಂಬದಿಯನ್ನು ಒಡೆಯದಂತೆ ಎಷ್ಟು ಕೆರೆಯಬಹುದೋ ಅಷ್ಟೂ ಕೆರೆಯುತ್ತಾನೆ.